ಹದ ಬರೆದಿಡುವ ಕೆಲಸ

ಮೊನ್ನೆ ಮಳೆಗಾಲ ಶುರುವಾದ ಹೊಸತರಲ್ಲಿ ಒಂದು ರಾತ್ರಿ ಹನ್ನೊಂದೂವರೆಗೆ ಸಿದ್ದಾಪುರದಿಂದ ಮಾವನ ಮಗಳ ಫೋನ್. ಸಿಇಟಿ ಆಪ್ಷನ್ ಎಂಟ್ರಿಗೆ ಮರುದಿನವೇ ಕೊನೆ. ಅವಳ ಮನೆಯಲ್ಲಿ ಕರೆಂಟ್ ಇರಲಿಲ್ಲ, ಮೊಬೈಲಲ್ಲಿ ಶೇಕಡಾ 18 ಚಾರ್ಜ್ ಉಳಿದಿತ್ತು.

"ಅಕ್ಕಾ, ಆನು ಬಯೋಟೆಕ್ ಹಾಕವಾ, ಬ್ಯಾಡದಾ? ಅಪ್ಪ ಕಂಪ್ಯೂಟರ್ ಸೈನ್ಸ್ ಬಿಟ್ಟು ಬೇರೆ ಎಂತೂ ಬ್ಯಾಡ ಹೇಳ್ತ."

ಹಾಕು ಅನ್ನೋಕೂ ಬಾಯಿ ಬರಲಿಲ್ಲ, ಬೇಡ ಅನ್ನೋಕೂ ಮನಸ್ಸಾಗಲಿಲ್ಲ. ನಾನು ಆ ಕಡೆ ಈ ಕಡೆ ಮಾತಾಡ್ತಾ ಇದ್ದಾಗ ಅವಳೇ ಅಂದಳು, "ಹೋಗ್ಲಿ ಬಿಡು. ನೀನು ದಿನಾ ಎಂತ ಮಾಡ್ತೆ, ಅದನ್ನ ಹೇಳು ಸಾಕು." ಅಷ್ಟರಲ್ಲಿ ಫೋನ್ ಸತ್ತುಹೋಯಿತು.

ಅವಳಿಗೆ ಹೇಳಬೇಕಿದ್ದದ್ದನ್ನು ಇಲ್ಲಿ ಬರೀತಿದ್ದೀನಿ. ಇದೇ ಪ್ರಶ್ನೆ ಇಟ್ಟುಕೊಂಡ ಇನ್ನೂ ನಾಲ್ಕು ಜನರಿಗೆ ಉಪಯೋಗಕ್ಕೆ ಬಂದರೆ ಬರಲಿ.

ನನ್ನ ಹುದ್ದೆಯ ಹೆಸರು ಪ್ರೋಸೆಸ್ ಡೆವಲಪ್‌ಮೆಂಟ್ ಸೈಂಟಿಸ್ಟ್. ಬೆಂಗಳೂರಿನ ಹೊರವಲಯದಲ್ಲಿ, ಜೀವಕೋಶಗಳನ್ನು ಬೆಳೆಸಿ ಔಷಧ ತಯಾರಿಸುವ ಕಡೆ ಕೆಲಸ. ಬನವಾಸಿ ತೇರಿಗೆ ಹೋದಾಗ ಯಾರಾದರೂ ಕೇಳ್ತಾರೆ, ಉತ್ತರದಲ್ಲಿ ಅವರ ಕಿವಿಗೆ ಬೀಳೋದು 'ಸೈಂಟಿಸ್ಟ್' ಒಂದೇ. ಮುಂದಿನ ಪ್ರಶ್ನೆ ಗ್ಯಾರಂಟಿ: "ಹಾಗಾದ್ರೆ ಏನು ಕಂಡುಹಿಡಿದೆ?"

ಏನೂ ಇಲ್ಲ. ಕಂಡುಹಿಡಿಯೋದು ನನ್ನ ಕೆಲಸ ಅಲ್ಲವೇ ಅಲ್ಲ. ಬೇರೆ ಯಾರೋ ಕಂಡುಹಿಡಿದದ್ದನ್ನು ಸಣ್ಣ ಗಾಜಿನ ಪಾತ್ರೆಯಿಂದ ದೊಡ್ಡ ಟ್ಯಾಂಕಿಗೆ ಸಾಗಿಸಬೇಕು, ಪ್ರತಿಸಲವೂ ಒಂದೇ ಥರ ಬರುವ ಹಾಗೆ ಮಾಡಬೇಕು. ಹೇಗೆ ಮಾಡಿದೆ ಅನ್ನೋದನ್ನು ಇನ್ನೊಬ್ಬರು ಓದಿಯೇ ಮಾಡಬಲ್ಲ ಹಾಗೆ ಬರೆದಿಡಬೇಕು. ನಮ್ಮೂರಿನ ಮಾತಲ್ಲಿ ಹೇಳೋದಾದರೆ, ಹದ ಹಿಡಿದು ಬರೆದಿಡೋದು.

ಶಿರಸಿ, ಸಿದ್ದಾಪುರದ ಕಡೆಯವರಿಗೆ ಇದನ್ನು ವಿವರಿಸೋಕೆ ಆಲೆಮನೆಗಿಂತ ಒಳ್ಳೆ ಜಾಗ ಇಲ್ಲ. ಒಂದು ಲೋಟ ಕಬ್ಬಿನ ಹಾಲನ್ನು ಅಡುಗೆಮನೆಯಲ್ಲಿ ಯಾರು ಬೇಕಾದರೂ ಕಾಯಿಸಿ ಅಂಟು ಮಾಡಬಹುದು. ಅದೇ ಕೊಪ್ಪರಿಗೆ ತುಂಬ ಹಾಲು ಒಲೆಯ ಮೇಲೆ ಕುದೀತಾ ಇರುವಾಗ ಹದ ನೋಡೋಕೆ ಊರಿಗೆ ಒಬ್ಬರೋ ಇಬ್ಬರೋ ಇರ್ತಾರೆ. ಐದು ನಿಮಿಷ ಮೊದಲು ಇಳಿಸಿದರೆ ಜೋನಿ ಬೆಲ್ಲ ನೀರಾಗಿ ಮಳೆಗಾಲದಲ್ಲಿ ಹುಳಿ ಬರುತ್ತೆ. ಐದು ನಿಮಿಷ ತಡವಾದರೆ ಡಬ್ಬದಲ್ಲಿ ಹರಳುಗಟ್ಟುತ್ತೆ, ಇಲ್ಲವೇ ತಳ ಹಿಡಿದು ಕಹಿ. ಲೋಟದಲ್ಲಿ ಆಗಿದ್ದು ಕೊಪ್ಪರಿಗೆಯಲ್ಲಿ ಯಾಕೆ ಆಗಲ್ಲ? ನನಗೆ ಸಂಬಳ ಕೊಡೋದು ಈ ಪ್ರಶ್ನೆಗೆ.

ಈ ಕೆಲಸ ಯಾಕೆ ಮುಖ್ಯ ಅನ್ನೋದಕ್ಕೆ ನಾನು ಹೊಸ ಹುಡುಗರಿಗೆ ಹೇಳೋದು ಇನ್ಸುಲಿನ್ ಕಥೆ. 1922ರ ಜನವರಿ 11ರಂದು ಕೆನಡಾದ ಟೊರಾಂಟೊದಲ್ಲಿ ಲಿಯೊನಾರ್ಡ್ ಥಾಂಪ್ಸನ್ ಅನ್ನೋ 14 ವರ್ಷದ ಹುಡುಗನಿಗೆ ಮೊದಲ ಇನ್ಸುಲಿನ್ ಚುಚ್ಚುಮದ್ದು ಕೊಟ್ಟರು. ಬ್ಯಾಂಟಿಂಗ್ ಮತ್ತು ಬೆಸ್ಟ್ ತಯಾರಿಸಿದ್ದ ಆ ದ್ರವ ಶುದ್ಧ ಇರಲಿಲ್ಲ. ಹೇಳಿಕೊಳ್ಳುವಂಥ ಉಪಯೋಗ ಆಗಲಿಲ್ಲ, ಸೂಜಿ ಚುಚ್ಚಿದ ಜಾಗ ಕೀವು ಕಟ್ಟಿತು. ಜೇಮ್ಸ್ ಕಾಲಿಪ್ ಅನ್ನೋ ಜೀವರಸಾಯನ ತಜ್ಞ ಹಗಲು ರಾತ್ರಿ ಕೂತು, ಆಲ್ಕೋಹಾಲ್ ಪ್ರಮಾಣ ಹೆಚ್ಚು ಕಡಿಮೆ ಮಾಡಿ ಅದನ್ನು ಶುದ್ಧ ಮಾಡಿದರು. ಜನವರಿ 23ರಂದು ಮತ್ತೆ ಕೊಟ್ಟಾಗ ಹುಡುಗ ಚೇತರಿಸಿಕೊಂಡ.

ಶಾಲೆ ಪುಸ್ತಕದಲ್ಲಿ ಕಥೆ ಇಲ್ಲಿಗೇ ಮುಗಿಯುತ್ತೆ. ನನಗೆ ಮುಖ್ಯ ಆದದ್ದು ಆಮೇಲಿನದು. ಹೆಚ್ಚು ರೋಗಿಗಳಿಗೆ ಬೇಕು ಅಂತ ದೊಡ್ಡ ಪ್ರಮಾಣದಲ್ಲಿ ತಯಾರಿಸೋಕೆ ಹೋದರೆ ಇನ್ಸುಲಿನ್ ಬರಲೇ ಇಲ್ಲ. ಅದೇ ಮನುಷ್ಯ, ಅದೇ ಕ್ರಮ, ಪಾತ್ರೆ ಮಾತ್ರ ದೊಡ್ಡದು. ತಮ್ಮ ಕೈಯಿಂದಲೇ ಆಗಿದ್ದನ್ನು ಕಾಲಿಪ್‌ಗೆ ಮತ್ತೊಮ್ಮೆ ಮಾಡೋಕೆ ಆಗಲಿಲ್ಲ. ವಾರಗಟ್ಟಲೆ ಹೀಗೇ ಹೋಯಿತು. ಸಕ್ಕರೆ ಕಾಯಿಲೆಯ ಮಕ್ಕಳು ಕಾಯ್ತಾ ಇದ್ದರು, ಔಷಧ ಇದೆ ಅಂತಲೂ ಎಲ್ಲರಿಗೂ ಗೊತ್ತಿತ್ತು, ಹದ ಮಾತ್ರ ಕೈತಪ್ಪಿತ್ತು. ಕಷ್ಟಪಟ್ಟು ಮತ್ತೆ ಹಿಡಿದರು. ಮುಂದೆ ಅಮೆರಿಕದ ಎಲೈ ಲಿಲ್ಲಿ ಕಂಪನಿ ಕೈಜೋಡಿಸಿತು. ಅಲ್ಲಿನ ರಸಾಯನ ತಜ್ಞ ಜಾರ್ಜ್ ವಾಲ್ಡೆನ್, ದ್ರಾವಣದ ಪಿಎಚ್ ಅನ್ನು ಒಂದು ನಿರ್ದಿಷ್ಟ ಮಟ್ಟಕ್ಕೆ ತಂದರೆ ಇನ್ಸುಲಿನ್ ತಾನಾಗಿಯೇ ಬೇರ್ಪಟ್ಟು ತಳಕ್ಕೆ ಇಳಿಯುತ್ತೆ ಅಂತ ತೋರಿಸಿದರು. ಅಲ್ಲಿಂದ ಇನ್ಸುಲಿನ್ ಲ್ಯಾಬಿನ ಪವಾಡ ಆಗಿ ಉಳಿಯದೆ ಅಂಗಡಿಯಲ್ಲಿ ಸಿಗುವ ಔಷಧ ಆಯಿತು.

1923ರ ನೊಬೆಲ್ ಬ್ಯಾಂಟಿಂಗ್ ಮತ್ತು ಮ್ಯಾಕ್ಲಿಯಾಡ್ ಅವರಿಗೆ ಬಂತು. ವಾಲ್ಡೆನ್ ಹೆಸರು ನೀವು ಇವತ್ತೇ ಮೊದಲು ಕೇಳಿರಬಹುದು. ನಮ್ಮ ಕಸುಬಿನಲ್ಲಿ ಹೆಸರಿನ ವಿಷಯ ಹೀಗೇ ತಂಗಿ, ಇದನ್ನು ಮೊದಲೇ ತಿಳ್ಕೊಂಡು ಬಾ.

ಆಗ ಇನ್ಸುಲಿನ್ ತೆಗೀತಿದ್ದದ್ದು ದನ ಮತ್ತು ಹಂದಿಯ ಮೇದೋಜೀರಕ ಗ್ರಂಥಿಯಿಂದ. 1982ರಲ್ಲಿ ಬ್ಯಾಕ್ಟೀರಿಯಾದೊಳಗೆ ಮನುಷ್ಯನ ಇನ್ಸುಲಿನ್ ಜೀನ್ ಇಟ್ಟು ತಯಾರಿಸಿದ ಔಷಧಕ್ಕೆ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. 2004ರಲ್ಲಿ ನಮ್ಮ ಬೆಂಗಳೂರಿನ ಬಯೋಕಾನ್ 'ಪಿಕಿಯಾ' ಅನ್ನೋ ಯೀಸ್ಟ್ ಬಳಸಿ ತಯಾರಿಸಿದ ಇನ್ಸುಲಿನ್ ಮಾರುಕಟ್ಟೆಗೆ ತಂತು. ಈ ಯೀಸ್ಟಿನದು ಒಂದು ತಮಾಷೆ. ಅದಕ್ಕೆ ಮೆಥನಾಲ್ ತಿನ್ನಿಸಬಹುದು. ಮೆಥನಾಲ್ ಕೊಟ್ಟಾಗ ಆನ್ ಆಗುವ ಸ್ವಿಚ್ಚಿನ ಪಕ್ಕ ನಮಗೆ ಬೇಕಾದ ಜೀನ್ ಇಟ್ಟರೆ, ಮೆಥನಾಲ್ ಕುಡೀತಾ ಕುಡೀತಾ ಪ್ರೋಟೀನ್ ತಯಾರಿಸಿ ಹೊರಗೆ ಹಾಕುತ್ತೆ.

ಕೇಳೋಕೆ ಸುಲಭ. ಆದರೆ ಮೆಥನಾಲ್ ತಿನ್ನುವಾಗ ಅದಕ್ಕೆ ವಿಪರೀತ ಆಮ್ಲಜನಕ ಬೇಕು, ಮೈಯೂ ವಿಪರೀತ ಬಿಸಿಯಾಗುತ್ತೆ. 2 ಲೀಟರ್ ಗಾಜಿನ ಪಾತ್ರೆಯಲ್ಲಿ ಇದು ದೊಡ್ಡ ವಿಷಯ ಅಲ್ಲ. 2,000 ಲೀಟರಿಗೆ ಹೋದಾಗ ಗಣಿತ ತಿರುಗಿಬೀಳುತ್ತೆ. ಅದೇ ಆಕಾರದ ಪಾತ್ರೆಯನ್ನು ಉದ್ದ, ಅಗಲ, ಎತ್ತರ ಎಲ್ಲದರಲ್ಲೂ ಹತ್ತು ಪಟ್ಟು ಮಾಡಿ ನೋಡಿ. ಒಳಗಿನ ದ್ರವ ಸಾವಿರ ಪಟ್ಟು ಆಗುತ್ತೆ, ತಂಪು ಮಾಡಬೇಕಾದ ಹೊರಮೈ ನೂರೇ ಪಟ್ಟು. ಅಂದರೆ ಪ್ರತಿ ಲೀಟರಿಗೆ ಸಿಗುವ ತಂಪು ಹತ್ತನೇ ಒಂದು ಭಾಗ. ಚಹಾ ಲೋಟ ಹತ್ತು ನಿಮಿಷಕ್ಕೆ ಆರುತ್ತೆ, ಮದುವೆಮನೆಯ ಸಾರಿನ ಹಂಡೆ ಊಟ ಮುಗಿದರೂ ಸುಡುತ್ತಾ ಇರುತ್ತೆ ಅಲ್ವಾ, ಹಾಗೆ.

ಮಾತ್ರೆಗೂ ನಮ್ಮ ಔಷಧಕ್ಕೂ ಇರುವ ವ್ಯತ್ಯಾಸವೂ ಇಲ್ಲೇ. ಪ್ಯಾರಾಸಿಟಮಾಲ್ ಸಣ್ಣ ಅಣು. ಯಾವ ದಾರಿಯಲ್ಲಿ ತಯಾರಿಸಿದರೂ ಕೊನೆಗೆ ಅದೇ ಅಣುವಾ, ಎಷ್ಟು ಶುದ್ಧ ಅಂತ ಪರೀಕ್ಷೆ ಮಾಡಿ ಪೂರ್ತಿ ಹೇಳಬಹುದು. ಪ್ರೋಟೀನ್ ಹಾಗಲ್ಲ. ದೊಡ್ಡ ಅಣು, ಅದಕ್ಕೊಂದು ಮಡಿಕೆ ಇದೆ, ಜೀವಂತ ಕೋಶ ತಯಾರಿಸುವಂಥದ್ದು. ಕೋಶಕ್ಕೆ ಉಸಿರು ಕಟ್ಟಿದರೆ, ಬಿಸಿ ತಾಗಿದರೆ, ಹೊಟ್ಟೆಗೆ ಹೆಚ್ಚು ಕಡಿಮೆ ಆದರೆ ಅದು ತಯಾರಿಸುವ ಪ್ರೋಟೀನಿನಲ್ಲೂ ಸೂಕ್ಷ್ಮ ಬದಲಾವಣೆ ಬರಬಹುದು. ಅದಕ್ಕೇ ನಮ್ಮಲ್ಲಿ ಪ್ರೋಸೆಸ್ಸೇ ಪ್ರಾಡಕ್ಟ್ ಅನ್ನೋದು.

ಇನ್ನು ನೀನು ಕೇಳಿದ ವಿಷಯಕ್ಕೆ ಬರ್ತೀನಿ, ದಿನಾ ಏನು ಮಾಡ್ತೀನಿ ಅನ್ನೋದು.

ಬೆಳಿಗ್ಗೆ ಎಂಟೂವರೆಗೆ ಲ್ಯಾಬ್. ಸಾಲಾಗಿ ಇಟ್ಟ ಸಣ್ಣ ಬಯೋರಿಯಾಕ್ಟರುಗಳು ರಾತ್ರಿಯಿಡೀ ಏನು ಮಾಡಿವೆ ಅಂತ ಗ್ರಾಫ್ ನೋಡೋದು. ತಾಪಮಾನ, ಪಿಎಚ್, ಆಮ್ಲಜನಕ, ಕಲಕುವ ವೇಗ. ಸ್ಯಾಂಪಲ್ ತೆಗೆದು ಕೋಶ ಎಷ್ಟಿವೆ, ಬದುಕಿವೆಯಾ, ಪ್ರೋಟೀನ್ ಎಷ್ಟು ಬಂದಿದೆ ಅಂತ ಅಳೆಯೋದು. ಆಮೇಲಿನ ಹಂತ ಶುದ್ಧೀಕರಣ. ಶೋಧಿಸೋದು, ಕಾಲಮ್ಮಿನಲ್ಲಿ ಹರಿಸೋದು, ಬೇಡದ್ದನ್ನು ತೊಳೆಯೋದು, ಬೇಕಾದ್ದನ್ನು ಇಳಿಸಿಕೊಳ್ಳೋದು. ಒಂದೊಂದನ್ನೇ ಬದಲಾಯಿಸ್ತಾ ಹೋದರೆ ವರ್ಷಗಳು ಬೇಕು. ಹಾಗಾಗಿ ಮೂರು ನಾಲ್ಕು ಅಂಶಗಳನ್ನು ಒಟ್ಟಿಗೆ ಬದಲಾಯಿಸಿ ಲೆಕ್ಕ ಹಾಕುವ ಪ್ರಯೋಗ ವಿನ್ಯಾಸ ಮಾಡ್ತೀವಿ. ಇಲ್ಲಿ ಅಂಕಿಅಂಶ ಶಾಸ್ತ್ರ ಬೇಕೇ ಬೇಕು. ಮಧ್ಯಾಹ್ನದ ಮೇಲೆ ಬರೆಯೋದು. ಎಲ್ಲಾ ಸೇರಿಸಿದರೆ ದಿನದ ಅರ್ಧ ಬರವಣಿಗೆಯೇ. ಬರೆದಿಲ್ಲ ಅಂದರೆ ಅದು ನಡೆದೇ ಇಲ್ಲ ಅನ್ನೋದು ನಮ್ಮಲ್ಲಿ ಮೊದಲ ದಿನ ಹೇಳಿಕೊಡುವ ಪಾಠ.

ಮೊದಲ ದಿನವೇ ಹೇಳಿಕೊಟ್ಟಿದ್ದರು. ನಾನು ಕಲಿತದ್ದು ಮೂರನೇ ವರ್ಷದಲ್ಲಿ.

ಆಗ ಬೇರೆ ಒಂದು ಕಂಪನಿಯಲ್ಲಿದ್ದೆ. ಒಂದು ಪ್ರೋಟೀನಿನ ಶುದ್ಧೀಕರಣದಲ್ಲಿ ಆಮ್ಲೀಯ ದ್ರಾವಣಕ್ಕೆ ಕ್ಷಾರ ಸೇರಿಸಿ ಪಿಎಚ್ ಏರಿಸುವ ಒಂದು ಹಂತ ನನ್ನದು. 2 ಲೀಟರಿನಲ್ಲಿ ಎಷ್ಟೋ ಸಲ ಮಾಡಿದ್ದೆ. ದ್ರಾವಣ ನೀರಿನ ಹಾಗೆ ತಿಳಿಯಾಗಿ ಇರ್ತಿತ್ತು. ಒಂದೇ ಒಂದು ಸಲ ತೆಳ್ಳಗೆ ಮಬ್ಬು ಕಂಡಿತು. ಆವತ್ತು ಊರಿಗೆ ಹೋಗುವ ರಾತ್ರಿ ಬಸ್ಸಿತ್ತು. ಕ್ಷಾರ ಸ್ವಲ್ಪ ಬೇಗ ಸುರಿದಿರಬೇಕು, ನನ್ನ ಕೈ ತಪ್ಪು, ಅಂದ್ಕೊಂಡೆ. ಹತ್ತು ನಿಮಿಷ ಕಲಕಿದ ಮೇಲೆ ಮಬ್ಬು ಹೋಯಿತು. ನೋಟ್‌ಬುಕ್ಕಿನಲ್ಲಿ 'ತಿಳಿ ದ್ರಾವಣ' ಅಂತ ಬರೆದು ಬಸ್ ಹತ್ತಿದೆ.

ಐದು ತಿಂಗಳ ನಂತರ ಅದೇ ಹಂತ ದೊಡ್ಡ ಟ್ಯಾಂಕಿನಲ್ಲಿ ನಡೆಯಿತು. ಗಾಜಿನ ಪಾತ್ರೆಯಲ್ಲಿ ಕ್ಷಾರದ ಹನಿ ಒಂದೆರಡು ಸೆಕೆಂಡಿಗೆ ಎಲ್ಲಾ ಕಡೆ ಬೆರೆಯುತ್ತೆ. ದೊಡ್ಡ ಟ್ಯಾಂಕಿನಲ್ಲಿ ಅದಕ್ಕೆ ಎಷ್ಟೋ ಹೆಚ್ಚು ಹೊತ್ತು ಬೇಕು. ಅಷ್ಟು ಹೊತ್ತು ಪೈಪಿನ ಬಾಯಿಯ ಹತ್ತಿರ ಪಿಎಚ್ ಒಂದು ಥರ, ಮೂಲೆಯಲ್ಲಿ ಇನ್ನೊಂದು ಥರ. ವಾಲ್ಡೆನ್ ಯಾವುದನ್ನು ಉಪಯೋಗಕ್ಕೆ ತಂದುಕೊಂಡಿದ್ದರೋ ಅದೇ ಗುಂಡಿಗೆ ನಾವು ಬಿದ್ದಿದ್ದೆವು. ಒಂದು ನಿರ್ದಿಷ್ಟ ಪಿಎಚ್‌ನಲ್ಲಿ ಪ್ರೋಟೀನ್ ಕರಗಿರೋದು ಬಿಟ್ಟು ಮುದ್ದೆಯಾಗುತ್ತೆ. ಟ್ಯಾಂಕಿನ ಕಿಟಕಿಯಿಂದ ನೋಡಿದರೆ ಒಳಗೆ ಮಜ್ಜಿಗೆ. ಈ ಸಲ ಕಲಕಿದರೂ ತಿಳಿಯಾಗಲಿಲ್ಲ. ಅದನ್ನೇ ಮುಂದಕ್ಕೆ ಕಳಿಸಿದಾಗ ಫಿಲ್ಟರ್ ಒಂದಾದ ಮೇಲೊಂದು ಕಟ್ಟಿಕೊಂಡಿತು. ರಾತ್ರಿ ಎರಡು ಗಂಟೆಗೆ ಬ್ಯಾಚ್ ನಿಲ್ಲಿಸಿದರು. ಕೊನೆಗೆ ಇಡೀ ಬ್ಯಾಚ್ ಚೆಲ್ಲಿದರು.

ಮರುದಿನ ಕಾರಣ ಹುಡುಕುವ ಮೀಟಿಂಗ್. ಎಲ್ಲರ ಮುಂದೆ ನನ್ನ ನೋಟ್‌ಬುಕ್. 'ತಿಳಿ ದ್ರಾವಣ', 'ತಿಳಿ ದ್ರಾವಣ', 'ತಿಳಿ ದ್ರಾವಣ'. ಲ್ಯಾಬಿನಲ್ಲಿ ಎಲ್ಲಾ ಸರಿ ಇತ್ತು, ಹಾಗಾಗಿ ತಪ್ಪು ಪ್ಲಾಂಟಿನವರದ್ದೇ ಇರಬೇಕು ಅಂತ ಮಾತು ಆ ಕಡೆ ತಿರುಗ್ತಾ ಇತ್ತು. ರಾತ್ರಿ ಪಾಳಿಯಲ್ಲಿ ವಾಲ್ವ್ ತಿರುಗಿಸಿದ್ದ ಆಪರೇಟರ್ ಹುಡುಗ ಬಾಗಿಲ ಹತ್ತಿರ ನಿಂತಿದ್ದ. ಡಿಪ್ಲೊಮಾ ಮಾಡಿ ಬಂದವನು, ಕಾಂಟ್ರ್ಯಾಕ್ಟ್ ನೌಕರಿ. ನಾನು ಸುಮ್ಮನಿದ್ದರೆ ಸಾಕಾಗಿತ್ತು, ಯಾರಿಗೂ ಗೊತ್ತಾಗ್ತಿರಲಿಲ್ಲ.

ಆ ಹೊತ್ತಿಗೆ ನನಗೆ ನೆನಪಾದದ್ದು ಅಪ್ಪಯ್ಯನ ಚಾಕು.

ಅಡಿಕೆ ತೋಟದ ಮನೆಯವರಿಗೆ ಗೊತ್ತಿರುತ್ತೆ. ಮಳೆ ಹಿಡಿಯುವ ಮೊದಲು ಕೊಳೆ ಔಷಧಿ ಹೊಡೀಬೇಕು, ಬೋರ್ಡೋ ದ್ರಾವಣ. ಕೊಳೆ ರೋಗ ನಮ್ಮ ಸೀಮೆಗೆ ಹೊಸದಲ್ಲ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ 1910ರಲ್ಲೇ ಅದರ ಬಗ್ಗೆ ವಿವರವಾದ ವರದಿ ಬರೆದಿದ್ದರು. ಔಷಧಿಯ ಲೆಕ್ಕ ಸರಳ. 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು. ಆದರೆ ಸೇರಿಸುವ ಕ್ರಮ ತಪ್ಪೋ ಹಾಗಿಲ್ಲ. "ತುತ್ತ ಸುಣ್ಣಕ್ಕೆ ಹಾಕವು, ಸುಣ್ಣ ತುತ್ತಕ್ಕೆ ಹಾಕಲಾಗ" ಅಂತ ಅಪ್ಪಯ್ಯ ಪ್ರತಿವರ್ಷ ಹೇಳ್ತಿದ್ದರು. ತುತ್ತದ ನೀರನ್ನು ಸುಣ್ಣದ ತಿಳಿಗೆ ನಿಧಾನವಾಗಿ, ಕಲಕುತ್ತಾ ಸುರಿಯಬೇಕು. ತಿರುಗಾಮುರುಗಾ ಮಾಡಿದರೆ ಕಣ ದಪ್ಪವಾಗಿ ತಳಕ್ಕೆ ಕೂರುತ್ತೆ, ಕೊನೆಗೆ ಅಂಟಲ್ಲ. ಎಲ್ಲಾ ಸೇರಿಸಿದ ಮೇಲೆ ಚೆನ್ನಾಗಿ ಉಜ್ಜಿದ ಕಬ್ಬಿಣದ ಚಾಕುವನ್ನು ಅದರಲ್ಲಿ ಅದ್ದೋದು. ಚಾಕುವಿನ ಮೇಲೆ ಕೆಂಪು ಬಂತು ಅಂದರೆ ತಾಮ್ರ ಬಿಡಿಯಾಗಿ ಉಳಿದಿದೆ ಅಂತ ಅರ್ಥ. ಇನ್ನಷ್ಟು ಸುಣ್ಣ ಬೇಕು, ಹಾಗೇ ಹೊಡೆದರೆ ಎಳೆ ಕಾಯಿ ಸುಡುತ್ತೆ.

ನಾನು ಎಂಟನೇ ಕ್ಲಾಸಲ್ಲಿದ್ದಾಗ ಒಂದು ದಿನ ಆಕಾಶ ಕಪ್ಪಾಗಿತ್ತು, ಕೊನೆಗೌಡ ಮರದ ಬುಡದಲ್ಲಿ ಕಾಯ್ತಾ ಇದ್ದ. ಅಪ್ಪಯ್ಯ ಚಾಕು ಅದ್ದಿದರು. ತುದಿಯಲ್ಲಿ ಚೂರೇ ಚೂರು ಕೆಂಪು. "ಇಷ್ಟಕ್ಕೆಲ್ಲಾ ಎಂತ ಆಗ್ತು, ಮಳೆ ಬತ್ತು" ಅಂದೆ ನಾನು. ಅಪ್ಪಯ್ಯ ಮಾತಾಡದೆ ಚಾಕು ತಿರುಗಿಸಿ ನನ್ನ ಮುಖದ ಹತ್ತಿರ ಹಿಡಿದರು. ಆಮೇಲೆ ಸುಣ್ಣ ತರೋಕೆ ಮನೆಗೆ ಹೋದರು. ಅವತ್ತು ಔಷಧಿ ಹೊಡೆಯೋಕೆ ಆಗಲಿಲ್ಲ, ಮಳೆ ಬಂದೇ ಬಿಟ್ಟಿತು.

ಮೀಟಿಂಗಿನಲ್ಲಿ ಕೈ ಎತ್ತಿದೆ. ಮಬ್ಬು ಒಂದು ಸಲ ಬಂದಿತ್ತು, ನಾನು ಬರೆಯಲಿಲ್ಲ ಅಂತ ಹೇಳಿದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ನನ್ನ ಮೇಲಿನವರು ಕೇಳಿದ್ದು ಒಂದೇ, "ಅವತ್ತು ಕ್ಷಾರ ಎಷ್ಟು ಹೊತ್ತಿನಲ್ಲಿ ಸುರಿದೆ?" ಸಂಜೆ ಹೊತ್ತಿಗೆ ಲ್ಯಾಬಿನಲ್ಲಿ ಬೇಕಂತಲೇ ಬೇಗ ಸುರಿದು ಮಬ್ಬು ತರಿಸಿ ತೋರಿಸಿದೆವು. ಕ್ಷಾರದ ಸಾಂದ್ರತೆ ಕಡಿಮೆ ಮಾಡಿ, ನಿಧಾನ ಮಾಡಿ, ಪೈಪಿನ ಬಾಯಿಯನ್ನು ಕಲಕುವ ರೆಕ್ಕೆಯ ಹತ್ತಿರ ತಂದ ಮೇಲೆ ಮುಂದಿನ ಬ್ಯಾಚ್ ತಿಳಿಯಾಗಿ ಬಂತು. ಆ ವರ್ಷ ನನಗೆ ಬಡ್ತಿ ಬರಲಿಲ್ಲ. ಆ ಹುಡುಗನ ಕೆಲಸ ಉಳಿಯಿತು.

ಇದನ್ನು ದೊಡ್ಡಸ್ತಿಕೆಗೆ ಹೇಳ್ತಿಲ್ಲ. ಹೇಳಿದ್ದು ಬ್ಯಾಚ್ ಹೋದ ಮೇಲೆ. ಮಬ್ಬು ಕಂಡ ದಿನವೇ ಒಂದು ಸಾಲು ಬರೆದಿದ್ದರೆ ಬ್ಯಾಚ್ ಹೋಗ್ತಿರಲಿಲ್ಲ. ಈ ಕೆಲಸಕ್ಕೆ ಬುದ್ಧಿವಂತಿಕೆ ಬೇಕು ಅಂತ ಎಲ್ಲರೂ ಹೇಳ್ತಾರೆ. ಬುದ್ಧಿವಂತರು ತುಂಬಾ ಜನ ಸಿಗ್ತಾರೆ ತಂಗಿ. ಮನೆಗೆ ಹೋಗುವ ಬಸ್ಸಿನ ಹೊತ್ತಲ್ಲಿ ತನಗೆ ಬೇಡವಾದದ್ದನ್ನು ಬರೆದು ಹೋಗುವವರು ಕಡಿಮೆ.

ಇನ್ನೊಂದು ವಿಷಯ ಮುಚ್ಚಿಡಬಾರದು. 2020ರ ಲಾಕ್‌ಡೌನಿನಲ್ಲಿ ನನ್ನ ಜೊತೆ ಓದಿದ ಸಾಫ್ಟ್‌ವೇರಿನವರು ಲ್ಯಾಪ್‌ಟಾಪ್ ಹಿಡಿದು ಊರು ಸೇರಿದರು. ಕೆಲವರು ಅಲ್ಲೇ ಉಳಿದೂಬಿಟ್ಟರು, ಬೆಳಿಗ್ಗೆ ತೋಟ, ಆಮೇಲೆ ಲಾಗಿನ್. ನನ್ನ ಟ್ಯಾಂಕ್ ಶಿರಸಿಗೆ ಬರಲ್ಲ. ಕೋಶಗಳಿಗೆ ಭಾನುವಾರ ಗೊತ್ತಿಲ್ಲ, ಹಬ್ಬವೂ ಗೊತ್ತಿಲ್ಲ. ಈ ಕೆಲಸ ಇರೋದು ಕಾರ್ಖಾನೆ ಇರುವಲ್ಲಿ. ಬೊಮ್ಮಸಂದ್ರ, ಜಿಗಣಿ, ಹೈದರಾಬಾದಿನ ಜೀನೋಮ್ ವ್ಯಾಲಿ, ಪುಣೆ. ಹೊರಗೆ ಹೋದರೆ ಐರ್ಲೆಂಡ್, ಸಿಂಗಪುರ, ಬಾಸ್ಟನ್. ನಾಲ್ಕು ವರ್ಷದ ಹಿಂದೆ ಅಪ್ಪಯ್ಯನಿಗೆ ಸಕ್ಕರೆ ಏರಿ ಆಸ್ಪತ್ರೆಗೆ ಸೇರಿಸಿದಾಗ ನಾನು ಹನ್ನೊಂದು ದಿನದ ರನ್ನಿನ ಎಂಟನೇ ದಿನದಲ್ಲಿದ್ದೆ. ಆಯಿ "ಆರಾಮಿದ್ದ, ನೀ ಮುಗಿಸಿಕ್ಯಂಡು ಬಾ" ಅಂದಳು. ಮುಗಿಸಿಕೊಂಡು ಹೋದೆ. ಅವರು ಆರಾಮಾದರು. ಆದರೆ ಆ ಮೂರು ದಿನ ನಾನು ಗ್ರಾಫ್ ನೋಡಿದ್ದು ಹೇಗೆ ಅಂತ ನನಗೇ ಗೊತ್ತು.

ಅಲ್ಲಿಂದ ಅಪ್ಪಯ್ಯ ಇನ್ಸುಲಿನ್ ತಗೊಳ್ತಾರೆ. ಮೊದಲ ಸಲ ಅವರ ಬಾಟಲಿ ಕೈಯಲ್ಲಿ ಹಿಡಿದು ಬೆಳಕಿಗೆ ತಿರುಗಿಸಿದಾಗ ಕೆಲಸದ ಬಗ್ಗೆ ನನಗಿದ್ದ ಒಂದು ದೂರು ಕಡಿಮೆ ಆಯಿತು. ಹೆಸರು ಬರದಿದ್ದರೂ ಈ ಬಾಟಲಿಗೂ ಹೋದ ತಿಂಗಳ ಬಾಟಲಿಗೂ ವ್ಯತ್ಯಾಸ ಇಲ್ಲ ಅನ್ನೋದನ್ನು ಯಾರೋ ಒಬ್ಬರು ರಾತ್ರಿ ಎದ್ದು ಕೂತು ಖಾತ್ರಿ ಮಾಡಿದ್ದಾರೆ. ಮಳೆಗಾಲದಲ್ಲಿ ನಮ್ಮಲ್ಲಿ ಮೂರು ಮೂರು ದಿನ ಕರೆಂಟ್ ಇರಲ್ಲ. ಆಯಿ ಬಾಟಲಿಯನ್ನು ಡಬ್ಬದಲ್ಲಿ ಹಾಕಿ, ಒದ್ದೆ ಬಟ್ಟೆ ಸುತ್ತಿದ ಮಣ್ಣಿನ ಮಡಕೆಯಲ್ಲಿಟ್ಟು ಕಾಪಾಡ್ತಾಳೆ. ಫ್ರಿಜ್ಜಿನ ಹೊರಗೆ ಔಷಧ ಎಷ್ಟು ದಿನ ತಡೆಯುತ್ತೆ ಅಂತ ಲೇಬಲ್ ಮೇಲೆ ಬರೆದಿರುತ್ತಲ್ಲ, ಆ ಒಂದು ಸಾಲಿನ ಹಿಂದೆ ವರ್ಷಗಟ್ಟಲೆ ಪರೀಕ್ಷೆ ಇದೆ. ಅಂಥ ಸಾಲು ಬರೆಯುವ ಕೆಲಸ ನಮ್ಮದು.

ಸರಿ, ಹಾದಿ ಹೇಗೆ ಅಂತೀಯಾ? ನಾನು ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮ, ಶಿರಸಿಯಲ್ಲಿ ಪಿಯುಸಿ, ಹುಬ್ಬಳ್ಳಿಯಲ್ಲಿ ಬಯೋಟೆಕ್ನಾಲಜಿ ಬಿ.ಇ., ಆಮೇಲೆ ಎಂ.ಟೆಕ್. ಈ ಕೆಲಸಕ್ಕೆ ಕೆಮಿಕಲ್ ಇಂಜಿನಿಯರಿಂಗಿನಿಂದ ಬಂದವರೂ ಇದ್ದಾರೆ, ಎಂ.ಎಸ್ಸಿ. ಬಯೋಕೆಮಿಸ್ಟ್ರಿ, ಮೈಕ್ರೋಬಯಾಲಜಿಯಿಂದ ಬಂದವರೂ ಇದ್ದಾರೆ. ಬರೀ ಬಿ.ಇ. ಬಯೋಟೆಕ್ ಮುಗಿಸಿದ ತಕ್ಷಣ ಕ್ಯಾಂಪಸ್ಸಿನಲ್ಲಿ ಸಾಲಾಗಿ ಕೆಲಸ ಕೊಡ್ತಾರೆ ಅಂತ ಯಾರಾದರೂ ಹೇಳಿದರೆ ನಂಬಬೇಡ. ಎಂ.ಟೆಕ್.ಗೆ ಗೇಟ್ ಅಥವಾ ಗ್ಯಾಟ್-ಬಿ ಪರೀಕ್ಷೆ ಬರೆಯಬೇಕಾಗುತ್ತೆ. ಮೊದಲ ಎರಡು ಮೂರು ವರ್ಷ ಸಂಬಳದಲ್ಲಿ ಸಾಫ್ಟ್‌ವೇರ್ ಗೆಳತಿಯರಿಗಿಂತ ಹಿಂದೆ ಇರ್ತೀಯ. ನಿನ್ನ ಅಪ್ಪ ಹೇಳೋದರಲ್ಲಿ ಅಷ್ಟು ನಿಜ ಇದೆ.

ಏನು ಓದಬೇಕು ಅಂದರೆ, ಜೀವಶಾಸ್ತ್ರದ ಜೊತೆ ಗಣಿತ ಬಿಡಬೇಡ. ಶಾಖ, ಹರಿವು, ಬೆರೆಯೋದು ಇವುಗಳ ಲೆಕ್ಕ ಬರದಿದ್ದರೆ ದೊಡ್ಡ ಟ್ಯಾಂಕಿನ ಮುಂದೆ ಕಣ್ಣುಕಟ್ಟಿದ ಹಾಗೆ. ಅಂಕಿಅಂಶ ಶಾಸ್ತ್ರ ಕಲಿ, ಸ್ವಲ್ಪ ಕೋಡಿಂಗ್ ಕೂಡ. ಇಂಟರ್ನ್‌ಶಿಪ್ ಸಿಕ್ಕಿದರೆ ಎಸಿ ಲ್ಯಾಬ್ ಕೇಳಬೇಡ, ಪ್ಲಾಂಟ್ ಕೇಳು. ವಾಲ್ವ್ ತಿರುಗಿಸುವವರ ಹತ್ತಿರ ಮಾತಾಡು.

ಹುಡುಗಿಗೆ ಕಾರ್ಖಾನೆ ಕೆಲಸ ಯಾಕೆ ಅಂತ ಮನೆಯಲ್ಲಿ ಯಾರಾದರೂ ಕೇಳಿದರೆ ಕಿರಣ್ ಮಜುಂದಾರ್ ಶಾ ಕಥೆ ಹೇಳು. ಅವರು ಆಸ್ಟ್ರೇಲಿಯಾದಲ್ಲಿ ಬಿಯರ್ ತಯಾರಿಕೆ ಓದಿ ಬಂದವರು. ಹೆಂಗಸಿಗೆ ಇಲ್ಲಿ ಆ ಕೆಲಸ ಕೊಡೋಕೆ ಯಾರೂ ತಯಾರಿರಲಿಲ್ಲ. 1978ರಲ್ಲಿ ಬೆಂಗಳೂರಿನ ಬಾಡಿಗೆ ಮನೆಯ ಗ್ಯಾರೇಜಿನಲ್ಲಿ, 10 ಸಾವಿರ ರೂಪಾಯಿ ಬಂಡವಾಳದಲ್ಲಿ ಬಯೋಕಾನ್ ಶುರು ಮಾಡಿದರು. ಮೊದಲು ತಯಾರಿಸಿದ್ದರಲ್ಲಿ ಒಂದು ಪಪ್ಪಾಯಿ ಹಾಲಿನಿಂದ ತೆಗೆಯುವ ಪಪೈನ್ ಕಿಣ್ವ. ಹುಳಿಯೋ ಪದಾರ್ಥದ ಹದ ಬಲ್ಲವರೊಬ್ಬರು ಕಟ್ಟಿದ ಕಂಪನಿಯೇ ಮುಂದೆ ಯೀಸ್ಟಿನಿಂದ ಇನ್ಸುಲಿನ್ ತಂದದ್ದು.

ಕೊನೆಗೆ ಒಂದು ಆಲೆಮನೆ ಸುದ್ದಿ ಹೇಳಿ ಮುಗಿಸ್ತೀನಿ.

ಈ ವರ್ಷ ಫೆಬ್ರವರಿಯಲ್ಲಿ ಊರಿಗೆ ಹೋದಾಗ ಬ್ಯಾಗಿನಲ್ಲಿ ಒಂದು ಥರ್ಮಾಮೀಟರ್ ಹಾಕ್ಕೊಂಡು ಹೋಗಿದ್ದೆ. ನಮ್ಮ ಕಡೆ ಹದ ನೋಡೋ ಅಜ್ಜನಿಗೆ ಎಪ್ಪತ್ತು ದಾಟಿದೆ. ಅವರ ಮಗ ಹುಬ್ಬಳ್ಳಿಯಲ್ಲಿದ್ದಾನೆ, ಮೊಮ್ಮಗನಿಗೆ ಬೇಕಾಗಿಲ್ಲ. ಪುಸ್ತಕದಲ್ಲಿ ಜೋನಿ ಬೆಲ್ಲವನ್ನು ಸುಮಾರು 103ರಿಂದ 106 ಡಿಗ್ರಿಯಲ್ಲಿ ಇಳಿಸಬೇಕು ಅಂತ ಇರುತ್ತೆ. ನಾವಿರೋದು ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಮೇಲೆ. ಇಲ್ಲಿ ನೀರು 98 ಡಿಗ್ರಿಗೇ ಕುದಿಯುತ್ತೆ, ಹಾಗಾಗಿ ಪುಸ್ತಕದ ಲೆಕ್ಕದಿಂದ ಎರಡು ಡಿಗ್ರಿ ಕಳೀಬೇಕು. ಅಜ್ಜ ಸೌಟು ಎತ್ತಿ ಹನಿ ಬೀಳಿಸಿ, ನೀರಿಗೆ ಬಿಟ್ಟು, ಬೆರಳಲ್ಲಿ ತಿಕ್ಕಿ "ಇಳಿಸಿ" ಅಂದಾಗೆಲ್ಲ ನಾನು ಸಂಖ್ಯೆ ಬರ್ಕೊಂಡೆ. ಮೊದಲ ಮೂರು ಕೊಪ್ಪರಿಗೆಯಲ್ಲಿ ವ್ಯತ್ಯಾಸ ಅರ್ಧ ಡಿಗ್ರಿಗಿಂತ ಹೆಚ್ಚಿರಲಿಲ್ಲ. ಬರೀ ಬೆರಳು! ನನಗೆ ಖುಷಿ ತಡೆಯಲಿಲ್ಲ. ನಾಲ್ಕನೆಯದರಲ್ಲಿ ಆ ಸಂಖ್ಯೆ ಬಂದ ತಕ್ಷಣ ನಾನೇ ಕೂಗಿದೆ, "ಅಜ್ಜಾ, ಬಂತು!"

"ತಡಿ ತಂಗಿ, ಇನ್ನೂ ಬರ್ಲಿಲ್ಲ" ಅಂದರು.

ಥರ್ಮಾಮೀಟರ್ ಇನ್ನೊಂದು ಡಿಗ್ರಿ ಏರಿದ ಮೇಲೆ ಇಳಿಸಿದರು. ಯಾಕೆ ಅಂತ ಕೇಳಿದೆ. ಅದು ಹೊಳೆ ಬದಿಯ ಗದ್ದೆ ಕಬ್ಬಂತೆ, ಅಷ್ಟಕ್ಕೇ ಇಳಿಸಿದರೆ ಬೆಲ್ಲ ನಿಲ್ಲಲ್ಲವಂತೆ. ನಾನು ಒಲೆ ಹತ್ತಿರ ನಿಂತಿದ್ದೆ, ಅಜ್ಜ ಕಬ್ಬಿನ ಗಾಡಿ ಬರುವಾಗಲೇ ನೋಡಿಟ್ಟುಕೊಂಡಿದ್ದರು. ಹಾಗಾಗಿ ಈಗ ನೋಟ್‌ಬುಕ್ಕಿನಲ್ಲಿ ಡಿಗ್ರಿಯ ಪಕ್ಕ ಇನ್ನೊಂದು ಕಾಲಮ್ ಇದೆ: ಯಾವ ಗದ್ದೆ.

ಅಪ್ಪಯ್ಯ ಪಕ್ಕದ ಕಲ್ಲಿನ ಮೇಲೆ ಕೂತು ಎಲ್ಲಾ ನೋಡ್ತಾ ಇದ್ದರು. ಬೆಲ್ಲ ಅವರಿಗೆ ವರ್ಜ್ಯ. ಯಾರೂ ನೋಡದ ಹೊತ್ತಲ್ಲಿ ಸೌಟಿಗೆ ಬೆರಳು ಹಚ್ಚಿ ನೆಕ್ಕಿದರು. ಅದನ್ನು ಮಾತ್ರ ನಾನು ಬರೆಯಲಿಲ್ಲ.

ಮಾವನ ಮಗಳ ಫೋನಿಗೆ ಮರುದಿನ ಮಧ್ಯಾಹ್ನ ಕರೆಂಟ್ ಸಿಕ್ಕಿತು. ಮೆಸೇಜ್ ಹಾಕಿದ್ದಳು, ಮೊದಲನೇ ಆಪ್ಷನ್ ಅಪ್ಪ ಹೇಳಿದ್ದು, ಎರಡನೆಯದು ತನ್ನದು ಅಂತ. ಯಾವುದು ಸಿಗುತ್ತೋ ನೋಡಬೇಕು. ಯಾವುದೇ ಸಿಗಲಿ, ಬರುವ ಆಲೆಮನೆಗೆ ಅವಳನ್ನು ಕರೆದಿದ್ದೀನಿ. ಅಜ್ಜನ ಬಳಿ ಕೇಳೋದು ಇನ್ನೂ ಬೇಕಾದಷ್ಟಿದೆ, ಬರ್ಕೊಳ್ಳೋಕೆ ಇನ್ನೊಂದು ಕೈ ಬೇಕು.